ಗುಣವಾಚಕಗಳನ್ನು ಬಡಿಸಿದ ಊರ್ಮಿಳಾ

ಸ್ಯಾನ್ ಡಿಯೇಗೋದ ಕನ್ನಡ ಮನೆಗಳಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಹಬ್ಬದೂಟದ ಮಾತು ಬಂದರೆ ಊರ್ಮಿಳಾಳ ಹೆಸರು ಬಂದೇ ಬರುತ್ತದೆ. ಅಡುಗೆಗಾಗಿ ಅಲ್ಲ. ಅವಳ ಅಡುಗೆ ಅಷ್ಟಕ್ಕಷ್ಟೇ, ಇದನ್ನು ಅವಳ ಗಂಡ ಬಾಲಸುಬ್ರಹ್ಮಣ್ಯನೇ ಹೇಳಿ ಎಷ್ಟೋ ಸಲ ಬೈಸಿಕೊಂಡಿದ್ದಾನೆ. ಅವಳ ಹೆಸರು ಬರುವುದು ಬಡಿಸುವ ವಿಷಯಕ್ಕೆ.

ಊರಿಗೆ ತಾಗಿದ ಪೊವೇಯಲ್ಲಿ ಬಾಡಿಗೆಗೆ ಹಿಡಿದ ಹಾಲಿನಲ್ಲಿ ಯುಗಾದಿ ಊಟ ಎಂದರೆ ಹಿಂದಿನ ದಿನವೇ ಅವಳ ಕೆಲಸ ಶುರು. ಏಷ್ಯನ್ ಅಂಗಡಿಯ ಫ್ರೀಜರಿನಿಂದ ಬಾಳೆ ಎಲೆ ತಂದು, ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದರ ಮೇಲೊಂದು ಜೋಡಿಸಿಡುತ್ತಿದ್ದಳು. ಮರುದಿನ ಟೆಲಿಕಾಂ ಎಂಜಿನಿಯರುಗಳು, ಡಾಕ್ಟರೇಟ್ ಮಾಡುವ ಹುಡುಗರು ಎಲ್ಲರೂ ಪ್ಯಾಂಟು ಮಡಚಿ, ಕೈಯಲ್ಲಿ ಸ್ಟೀಲ್ ಬಕೆಟ್ ಹಿಡಿದು ಅವಳ ಮುಂದೆ ಸಾಲಾಗಿ ನಿಲ್ಲಬೇಕು. ಅವಳು ಹೂಂ ಅಂದಮೇಲೇ ಒಬ್ಬೊಬ್ಬರಾಗಿ ಪಂಕ್ತಿಗೆ ಇಳಿಯಬೇಕು.

ಒಂದು ವರ್ಷ ಸಂಕೇತ್ ಎಂಬ ಹುಡುಗ ಅವಸರಪಟ್ಟು ಹುಳಿಯ ಬಕೆಟ್ ಎತ್ತಿಕೊಂಡು ಮೊದಲೇ ಹೊರಟುಬಿಟ್ಟ.

“ಸಂಕೇತ್, ಹಿಂದೆ ಬಾ. ತೊವ್ವೆ ಹೋಗಿಲ್ಲ, ತುಪ್ಪ ಹೋಗಿಲ್ಲ, ನೀನು ಹುಳಿ ತಗೊಂಡು ಎಲ್ಲಿಗೆ ಹೊರಟೆ?”

“ಯಾವುದು ಮೊದಲು ಹೋದ್ರೆ ಏನಾಂಟಿ, ಹೊಟ್ಟೆಯೊಳಗೆ ಎಲ್ಲಾ ಒಂದೇ ಅಲ್ವಾ?”

“ಬಡಿಸೋದು ಹೊಟ್ಟೆಗಲ್ಲಪ್ಪ, ಎಲೆಗೆ. ಸುಮ್ಮನೆ ನಿಂತ್ಕೋ.”

ಅವನು ನಿಂತ. ತಿಪಟೂರಿನಲ್ಲಿ ಅವಳ ತಂದೆ ನೆಂಟರಿಷ್ಟರ ಮದುವೆಗಳಲ್ಲಿ ಬಡಿಸುವ ಉಸ್ತುವಾರಿ ಹೊತ್ತವರು. ಅವರಿಂದ ಅವಳಿಗೆ ಬಂದದ್ದು ಎರಡು ವಿಷಯ. ಎಲೆಯ ಮೇಲೆ ಪ್ರತಿಯೊಂದಕ್ಕೂ ಅದರದೇ ಜಾಗ, ಅದರದೇ ಸರದಿ ಇದೆ ಎಂಬುದು ಮೊದಲನೆಯದು. ಉಣ್ಣುವವರು ಕೇಳಿ ಹಾಕಿಸಿಕೊಳ್ಳುವ ಪ್ರಮೇಯವೇ ಬರಬಾರದು ಎಂಬುದು ಇನ್ನೊಂದು. ಎಲೆಯಲ್ಲಿ ಅಂಗೈಯಷ್ಟು ಜಾಗ ಖಾಲಿ ಕಂಡರೂ ಊರ್ಮಿಳಾಳ ಕೈ ಸುಮ್ಮನಿರದು. ಬೇಡ ಎಂದು ಎಲೆಗೆ ಅಡ್ಡ ಕೈಯಿಟ್ಟವರ ಬೆರಳ ಸಂದಿಯಲ್ಲೇ ಅನ್ನ ಬಿಡುವ ಪೈಕಿ ಅವಳು.

ಆ ಹಾಲಿನ ಒಳಗೆ ಅವಳ ಗಂಟಲಿಗೆ ಮೈಕ್ ಬೇಡ. ಹಾಲಿನ ಬಾಗಿಲು ದಾಟಿ ಪಾರ್ಕಿಂಗ್ ಲಾಟಿಗೆ ಬಂದರೆ ಮಾತ್ರ ಅದೇ ಹೆಂಗಸು ತೆಪ್ಪಗಾಗುತ್ತಿದ್ದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ಓದಿದವಳು. ಇಂಗ್ಲಿಷನ್ನು ಓದಿದರೆ ತಿಳಿಯುತ್ತಿತ್ತು, ಬರೆದರೆ ತಪ್ಪಿರುತ್ತಿರಲಿಲ್ಲ, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ವೀಸಾ ಕೆಲಸ ಮಾಡಲು ಬಿಡಲಿಲ್ಲ. ವೀಸಾ ಬಿಡುವ ಹೊತ್ತಿಗೆ ಧೈರ್ಯ ಬಿಟ್ಟುಹೋಗಿತ್ತು. ಇಲ್ಲೇ ಹುಟ್ಟಿದ ಮಗಳು ಮೇಧಾ ಚುರುಕು. ಅಂಗಡಿ, ಆಸ್ಪತ್ರೆ, ಸ್ಕೂಲು, ಎಲ್ಲೇ ಹೋಗಲಿ, ಅಮ್ಮನ ಬಾಯಿಂದ ಅರ್ಧ ವಾಕ್ಯ ಬರುವಷ್ಟರಲ್ಲಿ ಉಳಿದರ್ಧವನ್ನು ತಾನೇ ಮುಗಿಸಿಬಿಡುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಗಳು ಎಷ್ಟು ಜಾಣೆ ಎಂದು ಊರ್ಮಿಳಾಗೆ ಹೆಮ್ಮೆಯೂ ಇತ್ತು. ಆ ಹೆಮ್ಮೆಯ ಅಡಿಯಲ್ಲಿ ಏನೋ ಚುಚ್ಚುತ್ತಿದ್ದದ್ದನ್ನು ಅವಳು ಯಾರ ಮುಂದೆಯೂ ಆಡಿಕೊಂಡಿರಲಿಲ್ಲ.

೨೦೨೦ರಲ್ಲಿ ಕೊರೋನಾ ಬಂದು ಮೂವರೂ ಒಂದೇ ಮನೆಯಲ್ಲಿ ಬಂದಿಯಾದರು. ಊಟದ ಮೇಜಿನ ಈ ತುದಿಯಲ್ಲಿ ಬಾಲುವಿನ ಆಫೀಸು, ಆ ತುದಿಯಲ್ಲಿ ಮೇಧಾಳ ಹೈಸ್ಕೂಲು. ಸಂಜೆ ಒಂದು ಸುತ್ತು ನಡೆಯಲು ಹೋಗುವುದೇ ದಿನದ ದೊಡ್ಡ ಘಟನೆ. ಅಂಥ ಒಂದು ಸಂಜೆ ಬೀದಿಯ ಆಚೆ ಬದಿಯಲ್ಲಿ ಪಕ್ಕದ ಮನೆಯ ಮುದುಕ ತನ್ನ ನಾಯಿಯನ್ನು ಹಿಡಿದುಕೊಂಡು ಬಂದ. ಮನೆಯವರ ಮುಖ ಬಿಟ್ಟು ಬೇರೆ ಮುಖ ಕಂಡ ಖುಷಿಗೆ ಊರ್ಮಿಳಾ ಮಾಸ್ಕಿನೊಳಗಿನಿಂದಲೇ ಕೂಗಿದಳು, “ಯುವರ್ ಬ್ರೌನ್ ಬಿಗ್ ಡಾಗ್ ಈಸ್ ವೆರಿ ನೈಸ್.”

ಮುದುಕ ಕೈಬೀಸಿ ಹೋದ. ಮೇಧಾ ನಕ್ಕಳು. “ಇಟ್ಸ್ ಬಿಗ್ ಬ್ರೌನ್ ಡಾಗ್, ಅಮ್ಮ.”

“ಎರಡೂ ಒಂದೇ ನಾಯಿ ತಾನೆ?”

“ಬ್ರೌನ್ ಬಿಗ್ ಡಾಗ್ ಸೌಂಡ್ಸ್ ರಾಂಗ್.”

“ಅದೇ ಯಾಕೆ ಅಂತ ಕೇಳ್ತಿರೋದು.”

“ಇಟ್ ಜಸ್ಟ್ ಡಸ್.” ಮೇಧಾ ಭುಜ ಹಾರಿಸಿದಳು.

ಊರ್ಮಿಳಾಗೆ ಸಿಟ್ಟು ಬಂತು. ತಪ್ಪು ಮಾಡಿದ್ದಕ್ಕಲ್ಲ, ಕಾರಣವಿಲ್ಲದೆ ತಪ್ಪೆನಿಸಿಕೊಂಡದ್ದಕ್ಕೆ. ಕನ್ನಡದಲ್ಲಿ ದೊಡ್ಡ ಕಂದು ನಾಯಿ ಎಂದರೂ ಸರಿ, ಕಂದು ದೊಡ್ಡ ನಾಯಿ ಎಂದರೂ ಸರಿ, ನಾಯಿಗೇನೂ ಬೇಜಾರಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದಳು.

“ರೀ, ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಇಂಗ್ಲಿಷಲ್ಲಿ ಬಣ್ಣ ಮೊದಲೋ, ಸೈಜ್ ಮೊದಲೋ?”

ಬಾಲು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಯೋಚಿಸಿದ. “ನಾನು ಒಂದು ಸಲಕ್ಕೆ ಒಂದೇ ಹೇಳೋದಪ್ಪ. ಎರಡು ಹೇಳೋ ಪ್ರಸಂಗ ಬಂದಿಲ್ಲ.”

ಈ ಮನೆಯಲ್ಲಿ ಕೇಳಿ ಪ್ರಯೋಜನವಿಲ್ಲ ಎಂದು ಅವಳೇ ಹುಡುಕಲು ಕೂತಳು. ಹುಡುಕಿದರೆ ನಿಯಮ ಇತ್ತು. ಇಂಗ್ಲಿಷಿನಲ್ಲಿ ಒಂದು ನಾಮಪದದ ಮುಂದೆ ಎಷ್ಟು ಗುಣವಾಚಕ ಬಂದರೂ ಅವು ಸಾಲು ತಪ್ಪುವಂತಿಲ್ಲ. ಮೊದಲು ನಮಗೇನನ್ನಿಸಿತು ಎಂಬುದು, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಅದಾದ ಮೇಲೆ ಎಲ್ಲಿಯದು, ಕೊನೆಗೆ ಯಾವುದರಿಂದ ಮಾಡಿದ್ದು. ಇಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಅವರಿಗೆ ನಿಯಮ ಇದೆ ಎಂಬುದೇ ಗೊತ್ತಿರುವುದಿಲ್ಲ, ತಪ್ಪಿದರೆ ಕಿವಿಗೆ ಕಿರಿಕಿರಿ ಅಷ್ಟೇ.

ಅದನ್ನು ಓದುತ್ತಾ ಊರ್ಮಿಳಾ ಒಬ್ಬಳೇ ನಗತೊಡಗಿದಳು. ತೊವ್ವೆಗಿಂತ ಮೊದಲು ಹುಳಿ ಯಾಕೆ ಬರಬಾರದು ಎಂದು ಸಂಕೇತ್ ಕೇಳಿದ್ದಾಗ ತಾನು ಕೊಟ್ಟದ್ದೂ ಹೆಚ್ಚುಕಡಿಮೆ ಇದೇ ಉತ್ತರವಲ್ಲವೇ? ಬರಬಾರದು, ಅಷ್ಟೇ. ಅಂದಮೇಲೆ ಇದು ಬೇರೆ ಯಾವುದೋ ಲೋಕದ ವಿದ್ಯೆಯೇನಲ್ಲ, ಪಂಕ್ತಿ ಬಡಿಸಿದವಳಿಗೆ ತಿಳಿದದ್ದೇ. ಕಾಗದದ ಮೇಲೆ ಒಂದು ಎಲೆ ಬರೆದು, ನಡುವೆ ಅನ್ನದ ಜಾಗದಲ್ಲಿ ನಾಮಪದ ಇಟ್ಟಳು. ಯಾವುದರಿಂದ ಮಾಡಿದ್ದು ಎಂಬುದು ಅನ್ನಕ್ಕೆ ತಾಗಿಕೊಂಡೇ ಇರುವ ತೊವ್ವೆ, ಅದನ್ನು ಬೇರ್ಪಡಿಸಲಾಗದು. ಚೆಂದವೋ ಅಲ್ಲವೋ ಎಂಬ ಅಭಿಪ್ರಾಯ ತುದಿಯ ಉಪ್ಪಿನಕಾಯಿ. ಒಬ್ಬರಿಗೆ ರುಚಿ, ಒಬ್ಬರಿಗೆ ಖಾರ, ಅದಕ್ಕೇ ಅದು ದೂರ. ಉಳಿದವೆಲ್ಲ ನಡುವೆ ತಮ್ಮ ತಮ್ಮ ಸರದಿಯಲ್ಲಿ ಕೂತವು. ಒಂದು ವಾರದಲ್ಲಿ ಅವಳು ಮನೆಯ ಸಾಮಾನುಗಳಿಗೆಲ್ಲ ಇಂಗ್ಲಿಷಿನಲ್ಲಿ ಎಲೆ ಹಾಕಿ ಮುಗಿಸಿದಳು. ಬಾಲು ಕಾಫಿ ಕೇಳಿದರೂ ಲೋಟದ ವರ್ಣನೆ ಕೇಳಿಸಿಕೊಂಡೇ ಕುಡಿಯಬೇಕಾಯಿತು.

೨೦೨೨ರಲ್ಲಿ ಬಾಲುವಿಗೆ ಲಾಸ್ ಏಂಜಲೀಸಿಗೆ ತಾಗಿದ ಕಲ್ವರ್ ಸಿಟಿಯಲ್ಲಿ ಹೊಸ ಕೆಲಸ ಸಿಕ್ಕಿತು. ಅಲ್ಲಿಯ ಮನೆಬಾಡಿಗೆ ನೋಡಿ ಹೌಹಾರಿ ಅವರು ಅಲ್ಲಿಂದ ದೂರದ, ಬಾಡಿಗೆ ಕಡಿಮೆಯಿದ್ದ ವೆಸ್ಟ್ ಕೊವಿನಾಕ್ಕೆ ಬಂದರು. ಲಾಸ್ ಏಂಜಲೀಸಿನಲ್ಲೇ ಕಾಲೇಜು ಓದುತ್ತಿದ್ದ ಮೇಧಾ ವಾರದ ಕೊನೆಗೆ ಬಟ್ಟೆ ಒಗೆಯಲು ಬಂದು ಹೋಗುತ್ತಿದ್ದಳು. ಊರ್ಮಿಳಾಗೆ ಇಲ್ಲಿ ಪಂಕ್ತಿಯಿಲ್ಲ, ಬಕೆಟ್ಟಿಲ್ಲ, ಬೈಯಲು ಹುಡುಗರಿಲ್ಲ. ಕೈ ಕಟ್ಟಿಹಾಕಿದಂತಾಗಿ ಒಂದು ದಿನ ಹತ್ತಿರದ ಸಮುದಾಯ ಕೇಂದ್ರಕ್ಕೆ ಹೋದಳು. ಅಲ್ಲಿ ಶನಿವಾರ ಬೆಳಿಗ್ಗೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿ ನಡೆಯುತ್ತಿತ್ತು. ಅವಳು ಹೋದದ್ದು ಕಲಿಯಲು. ಆದರೆ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿಕೊಡುತ್ತಾ ಇದ್ದದ್ದನ್ನು ಕಂಡ ಅಲ್ಲಿಯ ಟೀಚರ್ ಎರಡನೇ ತಿಂಗಳಿಗೇ ಅವಳನ್ನು ಸಹಾಯಕಿ ಮಾಡಿಕೊಂಡರು.

ಎರಡು ವರ್ಷ ಹೀಗೆ ನಡೆಯಿತು. ತರಗತಿಗೆ ಬರುತ್ತಿದ್ದವರು ಮೆಕ್ಸಿಕೋದವರು, ಚೀನಾದವರು, ವಿಯೆಟ್ನಾಮಿನವರು. ಹೆಚ್ಚಿನವರು ಊರ್ಮಿಳಾಳ ಹಾಗೆ ಮನೆಯೊಳಗೆ ಗಂಟಲಿದ್ದು ಹೊರಗೆ ಇಲ್ಲದವರು. ೨೦೨೫ರ ಬೇಸಿಗೆಯಲ್ಲಿ ಟೀಚರ್ ಬೇರೆ ಊರಿಗೆ ಹೊರಟು ನಿಂತರು. ಕೇಂದ್ರದ ಮೇಲ್ವಿಚಾರಕಿ ಡೊಲೊರೆಸ್ ಊರ್ಮಿಳಾಳನ್ನು ಕರೆದು, ನೀವು ಒಂದು ಪಾಠ ಮಾಡಿ, ನಾನು ಹಿಂದೆ ಕೂತು ನೋಡುತ್ತೇನೆ, ಸರಿಬಂದರೆ ಈ ತರಗತಿ ನಿಮ್ಮದೇ, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ಕರೆಸುತ್ತೇನೆ ಎಂದಳು.

ಐವತ್ತು ದಾಟಿದ ಮೇಲೆ, ಬಾಳಿನಲ್ಲಿ ಮೊದಲ ಸಲ, ಒಂದು ಕೆಲಸ ಅವಳ ಹೆಸರಿಗೆ ಬರುವುದರಲ್ಲಿತ್ತು. ಅದೂ ಇಂಗ್ಲಿಷ್ ಟೀಚರ್ ಕೆಲಸ. ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂದರೆ, ಬೇಕು ಎಂದು ಬಾಯಿಬಿಟ್ಟು ಹೇಳಲೂ ಹೆದರಿದಳು. ಬಾಲು ಕೇಳಿದರೆ “ನೋಡೋಣ, ಆದ್ರೆ ಆಯ್ತು” ಎಂದು ಒಳಗೆ ಹೋಗುತ್ತಿದ್ದಳು.

ಪಾಠಕ್ಕೆ ಅವಳು ಆರಿಸಿದ್ದು ಗುಣವಾಚಕಗಳ ಸಾಲನ್ನೇ. ಹಸಿರು ಕಾಗದ ಕತ್ತರಿಸಿ ದೊಡ್ಡ ಬಾಳೆ ಎಲೆ ಮಾಡಿ ಬೋರ್ಡಿಗೆ ಅಂಟಿಸಿದಳು. ನಮ್ಮ ಕಡೆ ಊಟ ಬಡಿಸುವುದು ಹೀಗೆ ಎಂದು ಶುರುಮಾಡಿದಳು ನೋಡಿ, ಪೊವೇಯ ಹಾಲಿನ ಗಂಟಲು ತಾನಾಗಿ ಬಂತು. ಇಂಗ್ಲಿಷಿನಲ್ಲೇ ಬಂತು. ಎಲ್ಲರೂ ನಕ್ಕರು, ತಲೆದೂಗಿದರು. ಮರಿಸೋಲ್ ಎಂಬ ಹೆಂಗಸನ್ನು ನಿಮ್ಮ ಮನೆಯ ಮೇಜು ಹೇಗಿದೆ ಎಂದು ಕೇಳಿದಳು. ಮರಿಸೋಲ್ ಬಾಯಿ ತೆರೆಯುವಷ್ಟರಲ್ಲಿ “ಬಿಗ್?” ಎಂದು ಕೊಟ್ಟಳು. ಮರಿಸೋಲ್ ಹೌದೆಂದಳು. “ಓಲ್ಡ್? ಸ್ಕ್ವೇರ್? ವುಡನ್?” ಎಂದು ಒಂದರ ಹಿಂದೊಂದು ಹಾಕುತ್ತಾ ಹೋದಳು. ಮುಂದಿನವರಿಗೂ ಹಾಗೇ. ಯಾರ ಎಲೆಯೂ ಒಂದು ಗಳಿಗೆ ಖಾಲಿ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಪಾಠ ಮುಗಿಸಿದಾಗ, ಜನ್ಮದಲ್ಲಿ ಇಂಥ ಪಂಕ್ತಿ ನಡೆಸಿಲ್ಲ ಎಂದೇ ಅವಳಿಗೆ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಡೊಲೊರೆಸ್ ಹಿಂದಿನ ಕುರ್ಚಿಯಿಂದ ಎದ್ದು ಬಂದಳು. ಎಲೆಯ ವಿಚಾರ ತುಂಬ ಚೆನ್ನಾಗಿದೆ ಎಂದು ಮೊದಲು ಹೊಗಳಿದಳು. ಆಮೇಲೆ ಮೆಲ್ಲಗೆ, “ಆದರೆ ಊರ್ಮಿಳಾ, ಇವತ್ತು ನನಗೆ ಕೇಳಿಸಿದ್ದು ನಿಮ್ಮ ದನಿ ಒಂದೇ. ಅವರ ದನಿ ನಾನು ಕೇಳಲೇ ಇಲ್ಲ,” ಎಂದಳು. ಮುಂದಿನ ಶನಿವಾರ ಇನ್ನೊಂದು ಸಲ ನೋಡುತ್ತೇನೆ, ಅಂದೇ ತೀರ್ಮಾನ ಎಂದೂ ಹೇಳಿದಳು.

ಊರ್ಮಿಳಾ ಮನೆಗೆ ಬಂದು ಪಾತ್ರೆಗಳನ್ನು ದಡಬಡ ಎಸೆದಳು. “ಅವರಿಗೆ ಬಾಯಿಗೆ ಬರಲ್ಲ ಅಂತ ತಾನೆ ನಾನು ಕೊಟ್ಟಿದ್ದು? ಕಷ್ಟಪಡ್ತಾ ಕೂತಿದ್ರೆ ನೋಡ್ಕೊಂಡು ನಿಂತಿರಬೇಕಿತ್ತಾ? ಅದೇನು ಮನುಷ್ಯತ್ವ ರೀ?”

“ಸ್ವಲ್ಪ ಹೊತ್ತು ನಿಂತು ನೋಡು ಅಂದಿರಬೇಕು,” ಎಂದ ಬಾಲು.

“ನೀವು ಸುಮ್ಮನಿರಿ. ಒಂದು ಸಲಕ್ಕೆ ಒಂದೇ ಹೇಳೋರು ನೀವು.”

 ಅವಳ ಸಿಟ್ಟಿನೊಳಗೆ ಭಯವಿತ್ತು. ಡೊಲೊರೆಸ್ ಹೇಳಿದ್ದು ಸರಿಯೆಂದು ಎಲ್ಲೋ ಗೊತ್ತಿತ್ತು, ಆದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಖಾಲಿ ಎಲೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಲ್ಲುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಭಾನುವಾರ ಮೇಧಾ ಬಂದಳು. ಆಗತಾನೆ ಓದು ಮುಗಿಸಿ ಕಲ್ವರ್ ಸಿಟಿಯಲ್ಲಿ ಸ್ಟುಡಿಯೋ ಒಂದರ ಆಫೀಸಿಗೆ ಸೇರಿದ್ದಳು. ಅಮ್ಮನಿಗೆ ಕನ್ನಡಕ ಬದಲಿಸಬೇಕಿತ್ತು, ಇಬ್ಬರೂ ಮಾಲಿನ ಅಂಗಡಿಗೆ ಹೋದರು. ಊರ್ಮಿಳಾ ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡಿದ್ದಳು. ಈಗಿರುವಂಥದೇ ಫ್ರೇಮ್ ಬೇಕು ಎಂದು ಎಲ್ಲವನ್ನೂ ಸಾಲಾಗಿ, ಸರದಿ ತಪ್ಪದೆ ಹೇಳಬೇಕು, ಮಗಳ ಮುಂದೆಯೇ ಹೇಳಬೇಕು ಎಂಬುದು ಅವಳ ಹಟ. ಕೌಂಟರಿನ ಹುಡುಗ ಏನು ಬೇಕೆಂದು ಕೇಳಿದ.

“ಐ ವಾಂಟ್ ಎ ನೈಸ್, ಸ್ಮಾಲ್...” ಎಂದು ಅವಳು ಶುರುಮಾಡಿ, ಮುಂದಿನ ಮಾತಿಗೆ ಉಸಿರು ತೆಗೆದುಕೊಂಡಳು.

“ರೌಂಡ್, ಬ್ಲಾಕ್, ಮೆಟಲ್,” ಎಂದು ಮೇಧಾ ಮುಗಿಸಿದಳು. ಹುಡುಗ ಮೇಧಾಳ ಕಡೆಗೆ ತಿರುಗಿದ. ಅಲ್ಲಿಂದ ಮುಂದೆ ಅವನು ಊರ್ಮಿಳಾಳ ಮುಖ ನೋಡಿದ್ದು ಅಳತೆ ತೆಗೆಯಲು ಮಾತ್ರ.

ಮಗಳು ಹೇಳಿದ ಮೂರು ಮಾತೂ ಸರಿಯಾಗಿದ್ದವು. ಊರ್ಮಿಳಾ ಹೇಳಬೇಕೆಂದಿದ್ದವೂ ಅವೇ. ಅವು ಗಂಟಲವರೆಗೆ ಬಂದು ಹಾಗೇ ಕೆಳಗಿಳಿದುಹೋದವು. ನುಂಗಿಕೊಳ್ಳುವಾಗ ಅವಳಿಗೆ ಇದ್ದಕ್ಕಿದ್ದಂತೆ ಮರಿಸೋಲಳ ಮುಖ ನೆನಪಾಯಿತು. ನಿನ್ನೆ ಮೇಜಿನ ವರ್ಣನೆಯಲ್ಲಿ ತಾನು ಒಂದೊಂದೇ ಮಾತು ಕೊಡುತ್ತಿದ್ದಾಗ ಮರಿಸೋಲ್ ಹೌದು, ಹೌದು ಎನ್ನುತ್ತಾ ಇದನ್ನೇ ನುಂಗುತ್ತಿದ್ದಳು. ತಾನು ಅದನ್ನು ಒಪ್ಪಿಗೆ ಎಂದುಕೊಂಡಿದ್ದಳು. ಕನ್ನಡಿಯ ಮುಂದೆ ಫ್ರೇಮ್ ಇಟ್ಟುಕೊಂಡು ನಿಂತ ಊರ್ಮಿಳಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಕಾರಿನಲ್ಲಿ ಅವಳು ಹೇಳಿದಳು, “ನಾನು ಹೇಳ್ತಾ ಇದ್ದೆ ಕಣೇ.”

“ಯು ವರ್ ಸ್ಟಕ್, ಅಮ್ಮ. ಐ ವಾಸ್ ಹೆಲ್ಪಿಂಗ್.”

“ಸಿಕ್ಕಿಹಾಕ್ಕೊಂಡಿರಲಿಲ್ಲ. ಉಸಿರು ತಗೋತಿದ್ದೆ. ನೀನು ಚಿಕ್ಕೋಳಿದ್ದಾಗಿಂದ ನನಗೆ ಉಸಿರು ತಗೊಳಕ್ಕೇ ಬಿಟ್ಟಿಲ್ಲ.” ಗದರಿಸಬೇಕೆಂದು ಹೊರಟ ದನಿ ಅರ್ಧಕ್ಕೇ ಮೆತ್ತಗಾಯಿತು. “ನಿನ್ನನ್ನ ಏನು ಅನ್ನಲಿ. ನಾನೂ ನಿನ್ನೆ ಕ್ಲಾಸಲ್ಲಿ ಎಲ್ಲರಿಗೂ ಅದನ್ನೇ ಮಾಡಿ ಬಂದಿದ್ದೀನಿ. ಪ್ರೀತಿಯಿಂದಾನೇ ಮಾಡಿದ್ದು. ನೀನೂ ಹಾಗೇ ಅಂತ ಗೊತ್ತು.”

ಸಿಗ್ನಲಿನಲ್ಲಿ ಕಾರು ನಿಂತಾಗ ಮೇಧಾ ಒಂದು ಸಲ ಅಮ್ಮನ ಕಡೆ ನೋಡಿ ಮತ್ತೆ ರಸ್ತೆ ನೋಡಿದಳು.

ಶನಿವಾರ ಬಂತು. ಡೊಲೊರೆಸ್ ಹಿಂದಿನ ಸಾಲಿನಲ್ಲಿ ಕೂತಳು. ಊರ್ಮಿಳಾ ಈ ಸಲ ಎಲೆಯನ್ನು ಬೋರ್ಡಿಗೆ ಅಂಟಿಸಿ, ಎರಡು ಮಾತಿನಲ್ಲಿ ಸಾಲು ನೆನಪಿಸಿ, ಸೀಮೆಸುಣ್ಣ ಕೆಳಗಿಟ್ಟಳು. ನಿಮ್ಮ ಮನೆಯಲ್ಲಿ ನಿಮಗೆ ತುಂಬ ಬೇಕಾದ ಒಂದು ವಸ್ತುವಿನ ಬಗ್ಗೆ ಹೇಳಿ, ನಾನು ಸಹಾಯ ಮಾಡುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದಳು. ಆಮೇಲೆ ಮರಿಸೋಲ್ ಕಡೆ ನೋಡಿದಳು.

ಮರಿಸೋಲ್ ಎದ್ದು ನಿಂತಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಪೂರ್ತಿ ವಾಕ್ಯ ಆಡಿದ್ದನ್ನು ಯಾರೂ ಕೇಳಿರಲಿಲ್ಲ. “ಮೈ ಮದರ್ಸ್...” ಎಂದಳು. ಮಾತು ತಡೆಯಿತು. “ಮೈ ಮದರ್ಸ್ ಗುಡ್... ಬಿಗ್...” ಮತ್ತೆ ತಡೆಯಿತು.

ಊರ್ಮಿಳಾಳ ಬಲಗೈ ತಾನಾಗಿ ಮೇಲೆದ್ದಿತು. ಅವಳು ಅದನ್ನು ಎಡಗೈಯಿಂದ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡಳು. ತನ್ನ ಮುಂದೆ ಒಬ್ಬರು ಖಾಲಿ ಎಲೆ ಹಾಕಿಕೊಂಡು ಕೂತಿದ್ದಾರೆ, ತಾನು ಬಡಿಸುತ್ತಿಲ್ಲ. ಅಪ್ಪ ನೋಡಿದ್ದರೆ ಏನೆನ್ನುತ್ತಿದ್ದರೋ. ಹಿಂದಿನ ಸಾಲಿನಲ್ಲಿ ಡೊಲೊರೆಸ್ ಪೆನ್ನು ಹಿಡಿದು ಕೂತದ್ದು ಕಾಣುತ್ತಿತ್ತು. ಈಗ ಈ ಹೆಂಗಸು ಹೇಳದೆ ಕೂತುಬಿಟ್ಟರೆ ಕೆಲಸ ಹೋಯಿತು. ಒಂದು ಮಾತು, ಒಂದೇ ಒಂದು ಮಾತು ಕೊಟ್ಟರೆ ಉಳಿದದ್ದು ತಾನೇ ಹರಿದು ಬರುತ್ತದೆ ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಊರ್ಮಿಳಾ ಹಲ್ಲು ಕಚ್ಚಿ ನಿಂತಳು. ಮುಖದಲ್ಲಿ ಮಾತ್ರ, ನಿಧಾನವಾಗಿ ಹೇಳಮ್ಮ, ಯಾವ ಅವಸರವೂ ಇಲ್ಲ ಎಂಬ ಭಾವವನ್ನು ಹಾಗೇ ಉಳಿಸಿಕೊಂಡಳು.

“ಬ್ಲಾಕ್... ನೋ.” ಮರಿಸೋಲ್ ತಲೆಯಾಡಿಸಿದಳು. ಬೋರ್ಡಿನ ಎಲೆಯನ್ನು ಒಮ್ಮೆ ನೋಡಿದಳು. ಆಮೇಲೆ ಎಲೆಯನ್ನೂ ಬಿಟ್ಟು, ಕಣ್ಣು ಮುಚ್ಚಿ, ಆ ವಸ್ತುವನ್ನೇ ನೋಡುತ್ತಿರುವವಳ ಹಾಗೆ ಒಂದೇ ಉಸಿರಿಗೆ ಹೇಳಿದಳು, “ಮೈ ಮದರ್ಸ್ ಗುಡ್ ಬಿಗ್ ಓಲ್ಡ್ ರೌಂಡ್ ಬ್ಲಾಕ್ ಮೆಕ್ಸಿಕನ್ ಕ್ಲೇ ಕೊಮಾಲ್.”

ಕೊಮಾಲ್ ಎಂದರೆ ಅವರು ರೊಟ್ಟಿ ಸುಡುವ ಮಣ್ಣಿನ ಕಾವಲಿ. ಮರಿಸೋಲ್ ಕಣ್ಣು ತೆರೆದಳು. ಕೂರಲಿಲ್ಲ. ಯಾರೂ ಕೇಳದೆಯೇ ಮುಂದುವರಿಸಿದಳು. ಅದು ಅಮ್ಮ ಕೊಟ್ಟದ್ದು, ಮಣ್ಣಿನದು ಒಡೆದುಹೋಗುತ್ತದೆ ಎಂದು ಎಲ್ಲರೂ ಹೇಳಿದರು, ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದೆ ಎಂದಳು. “ಇಟ್ ಈಸ್ ನಾಟ್ ಬ್ರೋಕನ್,” ಎಂದು ತಲೆಯೆತ್ತಿ ಹೇಳಿ, ಎಲ್ಲರನ್ನೂ ಒಮ್ಮೆ ನೋಡಿ, ಕೂತಳು.

ಆಮೇಲೆ ಆ ಕೋಣೆಯನ್ನು ಹಿಡಿಯುವವರಿರಲಿಲ್ಲ. ಒಬ್ಬರು ತಮ್ಮ ಹಳೆಯ ಸೈಕಲ್ಲು, ಒಬ್ಬರು ಅಜ್ಜನ ಟೀ ಕುಡಿಕೆ, ಒಬ್ಬರು ಮಗಳ ಮದುವೆಯ ಬಟ್ಟೆ. ಕೆಲವರು ಸಾಲು ತಪ್ಪಿದರು, ತಾವೇ ನಿಂತು ಸರಿಮಾಡಿಕೊಂಡರು. ಊರ್ಮಿಳಾ ಕೈ ಬೆನ್ನ ಹಿಂದಿಟ್ಟುಕೊಂಡೇ ಓಡಾಡಿದಳು. ಇಷ್ಟು ಕಡಿಮೆ ಬಡಿಸಿ ಇಷ್ಟು ಜನ ಹೊಟ್ಟೆತುಂಬ ಉಂಡದ್ದನ್ನು ಅವಳು ಕಂಡಿರಲಿಲ್ಲ.

ಪಾಠ ಮುಗಿದಾಗ ಡೊಲೊರೆಸ್ ಹತ್ತಿರ ಬಂದು ಕೈಕುಲುಕಿದಳು. ಸೆಪ್ಟೆಂಬರಿನಿಂದ ಈ ತರಗತಿ ನಿಮ್ಮದು ಎಂದಳು. ಊರ್ಮಿಳಾ ಥ್ಯಾಂಕ್ಸ್ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಹೊರಗೆ ಬಾಲು ಕಾರಿನಲ್ಲಿ ಕಾಯುತ್ತಿದ್ದ. ಹೆಂಡತಿ ಬಂದು ಕೂತು ಬಾಗಿಲು ಹಾಕಿಕೊಂಡು ಅತ್ತದ್ದನ್ನು ಕಂಡು ಗಾಬರಿಯಾದ.

“ಏನಾಯ್ತು? ಬೇಡ ಅಂದ್ರಾ?”

“ಕೊಟ್ರು ರೀ. ಕೆಲಸ ಕೊಟ್ರು.”

“ಮತ್ತೆ ಅಳೋದ್ಯಾಕೆ?”

“ಸುಮ್ಮನಿರಿ ಸ್ವಲ್ಪ. ಮೇಧಾಗೆ ಫೋನ್ ಮಾಡಿ.”

ಫೋನ್ ಕಾರಿನ ಸ್ಪೀಕರಿಗೆ ಬಂತು. ಊರ್ಮಿಳಾ ಕಣ್ಣೊರೆಸಿಕೊಂಡು, ಮಗಳೊಂದಿಗೆ ಆವರೆಗೆ ಎಂದೂ ಮಾಡದ ಕೆಲಸ ಮಾಡಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು. ಕೊಮಾಲಿನ ಕತೆಯನ್ನು, ಕೈ ಹಿಂದೆ ಕಟ್ಟಿಕೊಂಡದ್ದನ್ನು, ಡೊಲೊರೆಸ್ ಹೇಳಿದ್ದನ್ನು, ಎಲ್ಲವನ್ನೂ. ನಡುನಡುವೆ ಮಾತು ಸಿಗದೆ ನಿಂತಳು, ಹುಡುಕಿದಳು, ಸಿಕ್ಕಿದ ಮೇಲೆ ಮುಂದೆ ಹೋದಳು. ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಅನುಮಾನ ಬಂತು.

“ಮೇಧಾ, ಇದ್ದೀಯೇನೇ?”

“ಇದ್ದೀನಿ, ಅಮ್ಮ.” ಮಗಳ ಉತ್ತರ ಕನ್ನಡದಲ್ಲಿ ಬಂತು. “ನೀನು ಹೇಳು. ನಾನು ಕೇಳ್ತಾ ಇದ್ದೀನಿ.”

ಬಾಲು ತಿರುಗಿ ಸ್ಪೀಕರಿನ ಕಡೆ ನೋಡಿದ. ಊರ್ಮಿಳಾ ಉಳಿದದ್ದನ್ನು ಹೇಳಿ ಮುಗಿಸಿದಳು. ಆಮೇಲೆ ಮೇಧಾ ನಿಧಾನವಾಗಿ, ಒಂದೊಂದೇ ಮೆಟ್ಟಿಲಿನ ಮೇಲೆ ಕಾಲಿಡುವವಳ ಹಾಗೆ ಶುರುಮಾಡಿದಳು.

“ಅಮ್ಮ, ನಂಗೆ... ನಿನ್ನ ಮೇಲೆ ನಂಗೆ ತುಂಬ...”

ನಿಂತಳು. ಆ ಮಾತು ಅವಳಿಗೆ ಸಿಗುತ್ತಿರಲಿಲ್ಲ. ಬಾಲುವಿಗೆ ಗೊತ್ತಾಯಿತು, ಹೇಳಲೆಂದು ಬಾಯಿ ತೆರೆದ. ಊರ್ಮಿಳಾ ಕೈ ಎತ್ತಿ ತಡೆದಳು. ಅವಳ ನಾಲಿಗೆಯ ತುದಿಯಲ್ಲೇ ಇತ್ತು ಆ ಮಾತು. ಕೊಡಲಿಲ್ಲ. ಕಿಟಕಿಯಾಚೆ ತರಗತಿಯವರು ಒಬ್ಬೊಬ್ಬರಾಗಿ ಕೈಬೀಸಿ ಹೋಗುತ್ತಿದ್ದರು. ಇನ್ನೆಷ್ಟು ಹೊತ್ತಾದರೂ ಆಗಲಿ ಎಂದು ಅವಳು ಕಾದಳು.

“ಹೆಮ್ಮೆ,” ಎಂದಳು ಮೇಧಾ. “ತುಂಬ ಹೆಮ್ಮೆ, ಅಮ್ಮ.”